ಅಕ್ಕೋರ ತಲ್ಯಾಗ ನೀರು



"ವಿಜ್ಞಾನದ ಅಕ್ಕೋರ ತಲ್ಯಾಗ ನೀರು ತುಂಬೇತಂತ" ಎಂಬ ಸುದ್ದಿ ನಮ್ಮ ಶಾಲೆಯಲ್ಲಿ ಹಬ್ಬಿ ಎರಡು ತಿಂಗಳಾಯಿತು. ಎಂಟನೇ ತರಗತಿಯ ಒಬ್ಬರು ನನ್ನನ್ನೇ ಕೇಳಿಬಿಟ್ಟರು. ಹೆಸರು ಬರೆಯುವುದಿಲ್ಲ, ಅಂಜಬ್ಯಾಡ. ಸುದ್ದಿ ನಿಜ. ಆದರೆ ಕೇಳಿದವರ ತಲೆಯಲ್ಲೂ ನೀರಿದೆ, ಹೆಡ್ ಮಾಸ್ತರರ ತಲೆಯಲ್ಲೂ ಇದೆ, ಈ ಹಾಳೆಯನ್ನು ಗೋಡೆಗೆ ಅಂಟಿಸಿದವರ ತಲೆಯಲ್ಲೂ ಇದೆ. ಎಲ್ಲರ ತಲೆಯಲ್ಲಿ ಇರುವ ನೀರೇ ನನ್ನ ತಲೆಯಲ್ಲಿ ಒತ್ತಡ ಏರಿಸಿಕೊಂಡು ಕೂತಿದೆ. ಅದು ಏನು, ಯಾಕೆ ಬರುತ್ತದೆ, ಅದಕ್ಕೆ ಏನೇನು ಚಿಕಿತ್ಸೆ ಇದೆ, ಅದರ ಜೊತೆ ಬಾಳುವುದು ಹೇಗೆ ಎಂದು ಈ ಸಂಚಿಕೆಗೆ ಬರೆದುಕೊಟ್ಟಿದ್ದೇನೆ. ಸ್ವಲ್ಪ ಉದ್ದ ಆಗಿದೆ. ಎರಡು ದಿನ ಬಿಡುವಿನಲ್ಲಿ ನಿಂತು ಓದಿರಿ.

ಬುರುಡೆಯಿಂದ ಶುರು ಮಾಡೋಣ. ಹುಟ್ಟಿದ ಕೂಸಿನ ನೆತ್ತಿ ಮೆತ್ತಗೆ ಇರುವುದನ್ನು ಮನೆಯಲ್ಲಿ ನೋಡಿರುತ್ತೀರಿ. ಬೆಳೆದ ಹಾಗೆ ಎಲುಬುಗಳು ಕೂಡಿಕೊಂಡು ನಮ್ಮ ಇಳಕಲ್ಲಿನ ಗ್ರಾನೈಟ್ ಕಲ್ಲಿನ ಹಾಗೆ ಗಟ್ಟಿಯಾಗುತ್ತವೆ. ಆಮೇಲೆ ಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಇರುವುದು ಮೂರೇ ವಸ್ತು: ಸುಮಾರು 1400 ಗ್ರಾಂ ತೂಕದ ಮೆದುಳು, ರಕ್ತ, ಮತ್ತು ತಿಳಿಯಾದ ಒಂದು ದ್ರವ. ಈ ದ್ರವಕ್ಕೆ ಉದ್ದನ್ನ ಹೆಸರಿದೆ. ನಾನು ಇಲ್ಲಿ ನೀರು ಎಂದೇ ಬರೆಯುತ್ತೇನೆ. ಮೆದುಳು ಈ ನೀರಿನಲ್ಲಿ ತೇಲುತ್ತದೆ. ಹಾಗೆ ತೇಲುವಾಗ 1400 ಗ್ರಾಂ ಮೆದುಳಿನ ಭಾರ ಸುಮಾರು 50 ಗ್ರಾಂನಷ್ಟೇ ಅನಿಸುತ್ತದೆ. ಆರ್ಕಿಮಿಡೀಸನ ಪಾಠವನ್ನು ಬಾಯಿಪಾಠ ಮಾಡಿದವರು ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು.

ಒಂದು ಹೊತ್ತಿನಲ್ಲಿ ಈ ನೀರು ಸುಮಾರು 150 ಮಿಲಿಲೀಟರ್ ಇರುತ್ತದೆ. ಆದರೆ ಮೆದುಳಿನ ಒಳಗಿನ ಕೋಣೆಗಳಲ್ಲಿ ದಿನಕ್ಕೆ ತಯಾರಾಗುವುದು ಸುಮಾರು ಅರ್ಧ ಲೀಟರ್. ಅಂದರೆ ಇದು ನಿಂತ ನೀರಲ್ಲ, ಹರಿಯುವ ನೀರು. ಹಗಲು ರಾತ್ರಿ ಹುಟ್ಟುತ್ತದೆ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಹರಿಯುತ್ತದೆ, ಕಡೆಗೆ ಬುರುಡೆಯ ಒಳಮೈಗೆ ಅಂಟಿದ ದೊಡ್ಡ ರಕ್ತನಾಳಗಳಿಗೆ ಸೇರಿ ಹೃದಯದ ಕಡೆ ಹೋಗುತ್ತದೆ. ಆ ರಕ್ತನಾಳಗಳು ತಲೆಯ ಹಿಂಬದಿಯಲ್ಲಿ ಒಂದು ಕಡೆ ಕೂಡುತ್ತವೆ. ಹುನಗುಂದ ತಾಲೂಕಿನವರಿಗೆ ಇದನ್ನು ಹೇಳುವುದು ಸುಲಭ, ನಮ್ಮ ತಲೆಯೊಳಗೂ ಒಂದು ಕೂಡಲಸಂಗಮ ಇದೆ! ಒಂದೇ ವ್ಯತ್ಯಾಸ: ನಮ್ಮ ಸಂಗಮದಲ್ಲಿ ಕೃಷ್ಣಾ ಮಲಪ್ರಭಾ ಕೂಡಿ ಒಂದಾಗಿ ಹೋಗುತ್ತವೆ, ತಲೆಯೊಳಗೆ ಕೂಡಿದ ಮೇಲೆ ಎಡಕ್ಕೊಂದು ಬಲಕ್ಕೊಂದು ಕವಲಾಗಿ ಕುತ್ತಿಗೆಗೆ ಇಳಿಯುತ್ತವೆ.

ಈಗ ಆಲಮಟ್ಟಿಯನ್ನು ನೆನಪು ಮಾಡಿಕೊಳ್ಳಿರಿ. ಮೇಲಿನಿಂದ ನೀರು ಬರುತ್ತಲೇ ಇದೆ, ಕೆಳಗೆ ಬಿಡುವುದು ಕಡಿಮೆ ಆಯಿತು ಎಂದರೆ ಹಿನ್ನೀರು ಏರುತ್ತದೆ. ಹಾಗೆ ಏರಿದ ಹಿನ್ನೀರಿನಲ್ಲೇ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ನವನಗರ ಕಟ್ಟಬೇಕಾಯಿತು. ಹೊಲ ಇದ್ದಲ್ಲಿ ನೀರು ಅಗಲಕ್ಕೆ ಹರಡಿಕೊಳ್ಳುತ್ತದೆ. ಬುರುಡೆಯೊಳಗೆ ಹರಡಿಕೊಳ್ಳಲು ಹೊಲ ಇಲ್ಲ. ಮೂರರಲ್ಲಿ ಒಂದು ಹೆಚ್ಚಾದರೆ ಉಳಿದ ಎರಡು ಜಾಗ ಬಿಡಬೇಕು, ಬಿಡಲು ಜಾಗ ಮುಗಿದರೆ ಒತ್ತಡ ಏರಬೇಕು. ಇದನ್ನು 1783ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ, ಅವರ ನಂತರ 1824ರಲ್ಲಿ ಜಾರ್ಜ್ ಕೆಲ್ಲಿ ವಿವರಿಸಿದರು. ಇವತ್ತಿಗೂ ವೈದ್ಯರು ಅವರಿಬ್ಬರ ಹೆಸರಿನಲ್ಲೇ ಇದನ್ನು ಕಲಿಯುತ್ತಾರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. "ತಲ್ಯಾಗ ಒತ್ತಡ" ಅಂದ ಕೂಡಲೇ ನಮ್ಮ ಕಡೆ "ಬಿಪಿ ಐತೇನ್ರಿ?" ಅಂತಾರೆ. ಬಿಪಿ ಬೇರೆ, ಇದು ಬೇರೆ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದರೆ ತಿಳಿಯುವುದು ರಕ್ತನಾಳದ ಒತ್ತಡ. ಬುರುಡೆಯೊಳಗಿನ ಒತ್ತಡ ಆ ಯಂತ್ರಕ್ಕೆ ಸಿಗುವುದಿಲ್ಲ. ನನ್ನ ಬಿಪಿ ಆಗಲೂ ಸರಿ ಇತ್ತು, ಈಗಲೂ ಸರಿ ಇದೆ. ಬಿಪಿ ಗುಳಿಗೆ ನುಂಗಿ ಈ ರೋಗ ಇಳಿಸುತ್ತೇನೆ ಅನ್ನುವುದು ಬಾವಿಗೆ ಹಗ್ಗ ಬಿಡುವ ಬದಲು ಕೆರೆಗೆ ಬಿಟ್ಟಂತೆ.

ನನಗೆ ಶುರುವಾದದ್ದು 2019ರಲ್ಲಿ, ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ಹೊಕ್ಕ ಆ ಆಗಸ್ಟ್ ಕಳೆದ ಮೇಲೆ. ಬೆಳಿಗ್ಗೆ ಏಳುವಾಗಲೇ ತಲೆನೋವು. ಕೆಮ್ಮಿದರೆ, ಬಗ್ಗಿದರೆ ಜಾಸ್ತಿ. ರಾತ್ರಿ ಮಲಗಿದರೆ ಕಿವಿಯೊಳಗೆ ನಾಡಿಯ ಜೊತೆಗೇ ಒಂದು ಸಪ್ಪಳ. ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಬೆಳೆದವಳು. "ಅವ್ವಾ, ಈ ಹೊತ್ತಿನ್ಯಾಗ ಮಗ್ಗ ಯಾರು ನಡಸಾಕತ್ತಾರ?" ಎಂದು ಕೇಳಿದ್ದೆ. ಯಾರೂ ನಡೆಸುತ್ತಿರಲಿಲ್ಲ. ಡಿಸೆಂಬರಿನಲ್ಲಿ ಮಕ್ಕಳ ಜೊತೆ ಬಾದಾಮಿಗೆ ಪ್ರವಾಸ ಹೋದಾಗ ಮೂರನೇ ಗುಹೆಯಲ್ಲಿ ಕೆಳಗೆ ಬಿದ್ದ ಪೆನ್ನು ಎತ್ತಿಕೊಂಡು ನಿಂತೆ ನೋಡಿ, ಎರಡೂ ಕಣ್ಣಿಗೆ ಕತ್ತಲು. ಐದಾರು ಸೆಕೆಂಡು ಅಷ್ಟೇ, ಆಮೇಲೆ ದೀಪ ಹಚ್ಚಿದ ಹಾಗೆ ಎಲ್ಲ ಕಂಡಿತು. ಎರಡು ಕಡೆ ತೋರಿಸಿದೆ. ಒಂದು ಕಡೆ ಪಿತ್ತ ಅಂದರು, ಇನ್ನೊಂದು ಕಡೆ ಅರೆದಲೆನೋವು ಅಂದು ನೋವಿನ ಗುಳಿಗೆ ಬರೆದರು. ಎರಡೂ ಕಡೆ ಕಣ್ಣೊಳಗೆ ದೀಪ ಹಾಕಿ ನೋಡಲಿಲ್ಲ. ಅಂದ ಹಾಗೆ, ಕಿರಾಣಿ ಅಂಗಡಿಯಲ್ಲಿ ಸಿಗುವ ತಲೆನೋವಿನ ಗುಳಿಗೆಯನ್ನು ತಿಂಗಳಲ್ಲಿ ಅರ್ಧ ದಿನ ನುಂಗುತ್ತಾ ಹೋದರೆ ಆ ಗುಳಿಗೆಯಿಂದಲೇ ತಲೆನೋವು ಹುಟ್ಟುತ್ತದೆ. ಇದು ನಿಮ್ಮ ಮನೆಯ ಹಿರಿಯರಿಗೂ ಓದಿ ಹೇಳುವ ಸಂಗತಿ.

ಕಣ್ಣಿನ ವಿಷಯವೇ ಈ ಲೇಖನದ ಜೀವಾಳ. ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಸುತ್ತ ಇರುವ ಪೊರೆ, ಮೆದುಳನ್ನು ಸುತ್ತಿದ ಪೊರೆಯದೇ ಮುಂದುವರಿದ ಭಾಗ. ಆದ್ದರಿಂದ ಬುರುಡೆಯೊಳಗೆ ಒತ್ತಡ ಏರಿದರೆ ಆ ನೀರು ಕಣ್ಣಿನ ನರದ ಸುತ್ತಲೂ ಒತ್ತುತ್ತದೆ, ಕಣ್ಣಿನ ಹಿಂಗೋಡೆಯಲ್ಲಿ ನರ ಸೇರುವ ಜಾಗ ಬಾತುಕೊಳ್ಳುತ್ತದೆ. ಇದನ್ನು ನೋಡಲು ಬುರುಡೆ ತೆರೆಯಬೇಕಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಒಂದು ಸಣ್ಣ ಉಪಕರಣವನ್ನು ಲೋಕಕ್ಕೆ ತಿಳಿಸಿದ. ಅದರಿಂದ ಕಣ್ಣಿನ ಪಾಪೆಯ ಮೂಲಕ ಬೆಳಕು ಬಿಟ್ಟು ಹಿಂಗೋಡೆಯನ್ನು ನೋಡಬಹುದು. ಕಣ್ಣು ಬುರುಡೆಗೆ ಇಟ್ಟ ಕಿಟಕಿ. ನನಗೆ ಬಾಗಲಕೋಟೆಯಲ್ಲಿ ಕಣ್ಣಿನ ವೈದ್ಯರೊಬ್ಬರು ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ ನೋಡಿದರು. ಐದು ನಿಮಿಷದ ಕೆಲಸ. ನೋಡಿದವರೇ, "ಅಕ್ಕೋರ, ಇದು ಚಷ್ಮಾದ ಮಾತಲ್ಲ, ನಾಳೆನೇ ಹುಬ್ಬಳ್ಳಿಗೆ ಹೋಗ್ರಿ" ಅಂದರು.

ಮೋಸ ಎಲ್ಲಿದೆ ಗೊತ್ತೇ? ಗೋಡೆಯ ಮೇಲಿನ ಅಕ್ಷರಗಳನ್ನು ನಾನು ಕೊನೆಯ ಸಾಲಿನವರೆಗೆ ಓದಿದ್ದೆ. ಈ ರೋಗದಲ್ಲಿ ನಡುವಿನ ನೋಟ ಬಹಳ ದಿನ ಚೆನ್ನಾಗಿಯೇ ಇರುತ್ತದೆ. ಮೊದಲು ಹೋಗುವುದು ಅಂಚು. ಹೊಲದ ಬದುವನ್ನು ಪಕ್ಕದವರು ವರ್ಷಕ್ಕೊಂದು ಗೇಣು ಒತ್ತಿಕೊಂಡಂತೆ ಸುತ್ತಲಿಂದ ಒಳಕ್ಕೆ ಬರುತ್ತದೆ, ಒಡೆಯನಿಗೆ ತಿಳಿಯುವುದಿಲ್ಲ. ಅದಕ್ಕಾಗಿಯೇ ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಸುತ್ತ ಮಿನುಗುವ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತುವ ಪರೀಕ್ಷೆ ಮಾಡುತ್ತಾರೆ. ಸುಮ್ಮನೆ ಬಿಟ್ಟರೆ ಕೆಲವರಿಗೆ ನೋಟ ಕಾಯಂ ಆಗಿ ಹೋಗುತ್ತದೆ. ತಲೆನೋವು ಮನುಷ್ಯರನ್ನು ದಣಿಸುತ್ತದೆ. ಆದರೆ ಕಸಿದುಕೊಳ್ಳುವುದು ಈ ಕಣ್ಣಿನ ಬಾವು.

ಮುಂದಿನದು ಕಾರಣ ಹುಡುಕುವ ಕೆಲಸ. ಗಡ್ಡೆ, ಕ್ಷಯದಿಂದ ಮೆದುಳಿನ ಪೊರೆಯ ಉರಿ, ಲಾಡಿಹುಳುವಿನ ಗುಳ್ಳೆ, ರಕ್ತನಾಳದಲ್ಲಿ ಹೆಪ್ಪು, ಇವೆಲ್ಲವೂ ಒತ್ತಡ ಏರಿಸುತ್ತವೆ. ಅವುಗಳನ್ನು ಎಂಆರ್‌ಐ ಯಂತ್ರದಲ್ಲಿ ನೋಡುತ್ತಾರೆ. ನನ್ನ ಚಿತ್ರದಲ್ಲಿ ಅವು ಯಾವುದೂ ಇರಲಿಲ್ಲ. ಆಮೇಲೆ ಬೆನ್ನಿನ ನೀರಿನ ಪರೀಕ್ಷೆ. ಇದರ ಹೆಸರು ಕೇಳಿದ ಕೂಡಲೇ ನಮ್ಮ ಓಣಿಯ ನಾಲ್ಕು ಮಂದಿ, "ಬೆನ್ನಾಗಿನ ನೀರು ತಗಸಬ್ಯಾಡವಾ, ಕಾಲು ಬಿದ್ದು ಹೋಗ್ತಾವ" ಅಂದರು. ಅವರ ಅಂಜಿಕೆಗೆ ಉತ್ತರ ನಮ್ಮ ಬೆನ್ನೆಲುಬಿನಲ್ಲೇ ಇದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದನೇ ಎರಡನೇ ಮಣಿಯ ಹತ್ತಿರವೇ ಮುಗಿಯುತ್ತದೆ. ನೀರಿನ ಚೀಲ ಮಾತ್ರ ಇನ್ನೂ ಕೆಳಗಿನವರೆಗೆ ಇದೆ. ಸೂಜಿ ಹಾಕುವುದು ಹುರಿ ಮುಗಿದ ಮೇಲೆ, ಮೂರನೇ ನಾಲ್ಕನೇ ಮಣಿಯ ನಡುವೆ ಅಥವಾ ಅದಕ್ಕೂ ಕೆಳಗೆ. ಹುರಿಯೇ ಇಲ್ಲದ ಕಡೆ ಸೂಜಿ ಹುರಿಗೆ ಹೇಗೆ ತಾಗೀತು? 1891ರಲ್ಲಿ ಜರ್ಮನಿಯ ಕ್ವಿಂಕೆ ಎಂಬ ವೈದ್ಯ ಇದನ್ನು ಹೇಳಿಕೊಟ್ಟ. ಅಂದಿನಿಂದ ನಡೆದು ಬಂದಿದೆ. ಆದರೆ ಮೊದಲು ಚಿತ್ರ ತೆಗೆದು, ಗಡ್ಡೆ ಇಲ್ಲ ಎಂದು ನೋಡಿಕೊಂಡೇ ಸೂಜಿ ಹಾಕುವುದು ಪದ್ಧತಿ. ಗಡ್ಡೆ ಇದ್ದಾಗ ಹಾಕಿದರೆ ಅಪಾಯ.

ಪಕ್ಕಕ್ಕೆ ಮಲಗಿಸಿ ಸೂಜಿಗೆ ನೇರವಾಗಿ ಒಂದು ಗಾಜಿನ ಕೊಳವೆ ನಿಲ್ಲಿಸುತ್ತಾರೆ. ನೀರು ಕೊಳವೆಯಲ್ಲಿ ಎಷ್ಟು ಎತ್ತರ ಏರಿತೋ ಅದೇ ಒತ್ತಡ. ಅಳೆಯುವುದು ಸೆಂಟಿಮೀಟರಿನಲ್ಲಿ. ನಿಮ್ಮ ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರ್ ಸ್ಕೇಲಿನಷ್ಟು ಏರಿದರೆ ಏನೂ ಚಿಂತೆ ಇಲ್ಲ. ದೊಡ್ಡವರಿಗೆ 25 ಮುಟ್ಟಿದರೆ ಜಾಸ್ತಿ ಎಂದು ಲೆಕ್ಕ, ಮಕ್ಕಳಿಗೆ 28. ನನ್ನದು ಉದ್ದ ಸ್ಕೇಲಿನ 30 ದಾಟಿ 36ಕ್ಕೆ ನಿಂತಿತು. ಸ್ವಲ್ಪ ನೀರು ತೆಗೆದರು. ಆ ಸಂಜೆ ಎಷ್ಟೋ ತಿಂಗಳ ಮೇಲೆ ತಲೆ ಹಗುರ ಅನಿಸಿತು. ಮರುದಿನ ಎದ್ದು ಕೂತರೆ ಬೇರೆ ಥರದ ತಲೆನೋವು ಬಂತು, ಎರಡು ದಿನ ಮಲಗಿದ್ದೆ. ಕಾಲಿಗೆ ಏನೂ ಆಗಲಿಲ್ಲ, ಅದು ನಿಮಗೂ ಗೊತ್ತು, ವರಾಂಡದಲ್ಲಿ ಓಡುವವರನ್ನು ನಾನೇ ಹಿಡಿಯುತ್ತೇನೆ.

ಕಾರಣ ಏನೂ ಸಿಗದೆ ಒತ್ತಡ ಮಾತ್ರ ಏರಿದ್ದರೆ ಅದನ್ನು ಕಾರಣ ತಿಳಿಯದ ಬುರುಡೆ ಒತ್ತಡ ಎನ್ನುತ್ತಾರೆ. ಇದು ಹೆಚ್ಚಾಗಿ ಬರುವುದು ಮಕ್ಕಳು ಹೆರುವ ವಯಸ್ಸಿನ ಹೆಂಗಸರಿಗೆ, ಅದರಲ್ಲೂ ತೂಕ ಏರಿದವರಿಗೆ. ತೆಳ್ಳಗಿನವರಿಗೂ, ಗಂಡಸರಿಗೂ, ಮಕ್ಕಳಿಗೂ ಬರುವುದುಂಟು. ಕೆಲವರಲ್ಲಿ ಔಷಧವೇ ಕಾರಣವಾಗುತ್ತದೆ: ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಜಾತಿಯ ಗುಳಿಗೆಗಳು, ಅತಿಯಾದ ಎ ಜೀವಸತ್ವ. ಶಾಲೆ, ಅಂಗನವಾಡಿಯಲ್ಲಿ ಅಳತೆ ಪ್ರಕಾರ ಕೊಡುವ ಹನಿಗೆ ಅಂಜುವುದು ಬೇಡ. ಹತ್ತನೇ ತರಗತಿಯವರು ಮೊಡವೆಗೆಂದು ಗೆಳತಿಯ ಗುಳಿಗೆ ಹಂಚಿಕೊಳ್ಳುವುದು ಮಾತ್ರ ಬೇಡ.

ರಕ್ತನಾಳದ ಹೆಪ್ಪು ಎಂದೆನಲ್ಲ, ಅದು ನಮ್ಮ ಊರಿನ ಕಡೆ ಬಹಳ ಮುಖ್ಯ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ನಮ್ಮ ಮನೆಗಳಲ್ಲಿ "ಬಾಣಂತಿಗೆ ನೀರು ಕೊಡಬಾರದು, ಹೊಟ್ಟಿ ಬರ್ತೇತಿ" ಎಂದು ಗಂಟಲು ಒಣಗಿಸುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ. ಆಗ ತಲೆಯೊಳಗಿನ ಆ ಸಂಗಮದ ನಾಳಗಳಲ್ಲಿ ಹೆಪ್ಪು ಕಟ್ಟಿದರೆ ರಕ್ತವೂ ಹೊರಗೆ ಹೋಗದು, ನೀರೂ ಹೋಗದು. ಜೋರು ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಕಾಲು ಸೋಲುವುದು. "ಬಾಣಂತಿ ಸನ್ನಿ" ಎಂಬ ಒಂದೇ ಹೆಸರಿನೊಳಗೆ ನಮ್ಮ ಹಿರಿಯರು ಕೂಡಿಸಿಟ್ಟ ರೋಗಗಳಲ್ಲಿ ಇದೂ ಒಂದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ರೋಗವನ್ನು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಎಂಬ ಇಂಜೆಕ್ಷನ್ ಬೇಗ ಸಿಕ್ಕರೆ ಬಹಳ ಮಂದಿ ಎದ್ದು ನಡೆಯುತ್ತಾರೆ. ನಿಮ್ಮ ಮನೆಗೆ ಅಕ್ಕ ಹೆರಿಗೆಗೆ ಬಂದಿದ್ದರೆ ಅವಳ ತಲೆದಿಂಬಿನ ಹತ್ತಿರ ಒಂದು ತಂಬಿಗೆ ಕಾಯಿಸಿ ಆರಿಸಿದ ನೀರು ಇಡಿರಿ. ಅಜ್ಜಿ ಬೈದರೆ ವಿಜ್ಞಾನದ ಅಕ್ಕೋರು ಹೇಳ್ಯಾರ ಅನ್ರಿ, ನಾನು ಬಂದು ಮಾತಾಡುತ್ತೇನೆ.

ಇನ್ನು ಚಿಕಿತ್ಸೆ. ತೂಕ ಹೆಚ್ಚಿದ್ದವರಿಗೆ ಮೊದಲ ಔಷಧ ತೂಕ ಇಳಿಸುವುದೇ. 2010ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವೈದ್ಯರು 25 ಹೆಂಗಸರಿಗೆ ಮೂರು ತಿಂಗಳು ಬಹಳ ಕಡಿಮೆ ಊಟ ಕೊಟ್ಟು ಮೊದಲೂ ಆಮೇಲೂ ಒತ್ತಡ ಅಳೆದರು. ತೂಕ ಇಳಿದಂತೆ ಒತ್ತಡವೂ ಇಳಿದಿತ್ತು. ಹಾಗಂತ ಉಪವಾಸ ಮಾಡಿರಿ ಎಂದಲ್ಲ, ಅದನ್ನು ವೈದ್ಯರ ಕಣ್ಣೆದುರಿಗೆ ಮಾಡಿದ್ದು. ನಾನು 78 ಕಿಲೋ ಇದ್ದೆ, ಒಂದೂವರೆ ವರ್ಷದಲ್ಲಿ 68ಕ್ಕೆ ಬಂದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಳು, ಮಜ್ಜಿಗೆ ಬಿಡಲಿಲ್ಲ. ಉಪ್ಪಿನಕಾಯಿ ಮತ್ತು ಮಿರ್ಚಿ ಭಜಿ ಬಿಟ್ಟೆ. ಅಮೀನಗಡದ ಮೇಲೆ ಬಸ್ಸಿನಲ್ಲಿ ಹೋಗುವಾಗ ಕರದಂಟಿನ ಅಂಗಡಿಗಳ ಕಡೆ ನೋಡದೆ ಕೂರುವುದು ಇವತ್ತಿಗೂ ಕಷ್ಟ.

ಎರಡನೆಯದು ಗುಳಿಗೆ. ಅಸಿಟಜೋಲಮೈಡ್ ಎಂದು ಹೆಸರು. ನೀರು ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಎತ್ತರದ ಬೆಟ್ಟಕ್ಕೆ ಯಾತ್ರೆ ಹೋಗುವವರಿಗೂ ಇದನ್ನೇ ಕೊಡುತ್ತಾರೆ. 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 165 ಜನರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಒಂದೇ ಪಥ್ಯ ಹೇಳಿ, ಒಂದು ಗುಂಪಿಗೆ ಈ ಗುಳಿಗೆ, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಆರು ತಿಂಗಳಲ್ಲಿ ಔಷಧದ ಗುಂಪಿನ ನೋಟದ ಅಂಚು ಹೆಚ್ಚು ಸುಧಾರಿಸಿತ್ತು. ಬಹಳ ದೊಡ್ಡ ವ್ಯತ್ಯಾಸವಲ್ಲ, ಆದರೆ ಇತ್ತು. ಈ ಗುಳಿಗೆಯ ಕಾಟವೂ ಕಡಿಮೆ ಅಲ್ಲ: ಬೆರಳ ತುದಿ, ತುಟಿ ಜುಮ್ ಅನ್ನುತ್ತವೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕು, ಕೆಲವರಿಗೆ ಮೂತ್ರಪಿಂಡದಲ್ಲಿ ಹರಳು ಆಗುತ್ತವೆ. ಒಂದು ತಮಾಷೆಯೂ ಇದೆ. ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿದರೆ ಚುರುಕೇ ಇಲ್ಲ, ಬರೀ ಸಪ್ಪನ್ನ ನೀರು! ಅಂಗಡಿಯವನ ತಪ್ಪಲ್ಲ. ಸೋಡಾದ ಚುರುಕು ತಿಳಿಯಲು ನಾಲಿಗೆಗೆ ಬೇಕಾದ ಕಿಣ್ವವನ್ನೇ ಈ ಗುಳಿಗೆ ತಡೆಯುತ್ತದೆ. ನೀರು ತಯಾರಿಸಲು ಮೆದುಳು ಬಳಸುವುದೂ ಅದೇ ಕಿಣ್ವ.

ನೋಟ ವೇಗವಾಗಿ ಕುಗ್ಗುತ್ತಿದ್ದರೆ ಗುಳಿಗೆಗೆ ಕಾಯುವಂತಿಲ್ಲ, ಶಸ್ತ್ರಚಿಕಿತ್ಸೆ ಬೇಕು. ಕಣ್ಣಿನ ನರದ ಪೊರೆಗೆ ಸಣ್ಣ ಸೀಳು ಕೊಟ್ಟು ನೀರಿಗೆ ದಾರಿ ಮಾಡುವುದು ಒಂದು. ಕಿರಿದಾದ ರಕ್ತನಾಳದೊಳಗೆ ಜಾಲರಿಯ ಕೊಳವೆ ಇಟ್ಟು ಅಗಲ ಮಾಡುವುದು ಇನ್ನೊಂದು. ಹೆಚ್ಚು ಬಳಕೆಯಲ್ಲಿರುವುದು ಶಂಟ್: ಮೆದುಳಿನ ಕೋಣೆಯಿಂದ ಚರ್ಮದ ಕೆಳಗೇ ಕಿವಿಯ ಹಿಂದೆ, ಎದೆಯ ಮೇಲೆ ಹಾಯ್ದು ಹೊಟ್ಟೆಯವರೆಗೆ ಬರುವ ತೆಳುವಾದ ನಳಿಗೆ. ನಡುವೆ ಒಂದು ಕವಾಟ. ಹೆಚ್ಚಾದ ನೀರು ಹೊಟ್ಟೆಗೆ ಇಳಿದು ಮೈಯೊಳಗೇ ಸೇರುತ್ತದೆ. ನನಗೆ ಇದು ಬೇಕಾಗಲಿಲ್ಲ. ಆದರೆ ನಮ್ಮ ಶಾಲೆಯಲ್ಲೇ ಓದಿ ಹೋದ ಒಬ್ಬ ಹುಡುಗನಿಗೆ ಹುಟ್ಟಿನಿಂದ ತಲೆಯಲ್ಲಿ ನೀರು ನಿಲ್ಲುವ ರೋಗ ಇತ್ತು. ಎಳೆ ಕೂಸಿನ ಬುರುಡೆ ಇನ್ನೂ ಕೂಡಿರುವುದಿಲ್ಲ, ಆದ್ದರಿಂದ ತಲೆಯೇ ದೊಡ್ಡದಾಗುತ್ತದೆ. ಅವನು ಶಂಟ್ ಇಟ್ಟುಕೊಂಡೇ ಎಸ್ಸೆಸ್ಸೆಲ್ಸಿ ಪಾಸಾದ.

ಶಂಟಿನ ಕವಾಟದ ಹಿಂದೆ ಒಂದು ಕಥೆ ಇದೆ. 1960ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ಕಥೆಗಾರ ರೋಲ್ಡ್ ಡಾಲ್ ಅವರ ನಾಲ್ಕು ತಿಂಗಳ ಮಗ ಥಿಯೋನ ತಳ್ಳುಗಾಡಿಗೆ ಟ್ಯಾಕ್ಸಿ ಬಡಿಯಿತು. ತಲೆಗೆ ಪೆಟ್ಟಾಗಿ ನೀರು ನಿಂತಿತು. ಹಾಕಿದ ಶಂಟ್ ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿತ್ತು. ಡಾಲ್ ಸುಮ್ಮನೆ ಕೂರಲಿಲ್ಲ. ಆಟಿಕೆ ವಿಮಾನದ ಎಂಜಿನ್ನಿಗೆ ಪುಟ್ಟ ಪಂಪು ಮಾಡುತ್ತಿದ್ದ ಸ್ಟ್ಯಾನ್ಲಿ ವೇಡ್ ಎಂಬ ಕುಶಲಿಯನ್ನೂ, ಕೆನೆತ್ ಟಿಲ್ ಎಂಬ ಶಸ್ತ್ರವೈದ್ಯರನ್ನೂ ಕೂಡಿಸಿದರು. ಮೂವರೂ ಸೇರಿ ಬೇಗ ಕಟ್ಟದ ಕವಾಟ ಮಾಡಿದರು, ಅದರಿಂದ ಲಾಭ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಥಿಯೋ ಸುಧಾರಿಸಿದ್ದ, ಅವನಿಗೆ ಅದು ಬೇಕಾಗಲಿಲ್ಲ. ಬೇರೆ ಮಕ್ಕಳಿಗೆ ಬೇಕಾಯಿತು. ನಮ್ಮ ದೇಶದಲ್ಲೂ ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ಛಾಬ್ರಾ ಶಂಟ್ ಎಂಬ ಅಗ್ಗದ ಶಂಟ್ ತಯಾರಾಗುತ್ತದೆ. ಉಗಾಂಡದಲ್ಲಿ 195 ಮಕ್ಕಳಲ್ಲಿ ಅದನ್ನು ಬಹಳ ದುಬಾರಿಯ ವಿದೇಶಿ ಶಂಟಿನ ಜೊತೆ ಹೋಲಿಸಿದರು. 2005ರಲ್ಲಿ ಬಂದ ಆ ವರದಿಯಂತೆ ಒಂದು ವರ್ಷದಲ್ಲಿ ಎರಡಕ್ಕೂ ಹೇಳುವಂಥ ವ್ಯತ್ಯಾಸ ಇರಲಿಲ್ಲ.

ಯಾವ ಶಂಟೇ ಆಗಲಿ ಕಟ್ಟಬಹುದು, ಸೋಂಕು ತಗಲಬಹುದು. ಶಂಟ್ ಇರುವ ಗೆಳೆಯನಿಗೆ ತಲೆನೋವಿನ ಜೊತೆ ವಾಂತಿ, ಮಂಪರು ಬಂದರೆ "ಬಿಸಲಿಗೆ ಆಗೇತಿ" ಎಂದು ನೆರಳಿಗೆ ಮಲಗಿಸಿ ಬಿಡಬೇಡಿರಿ. ಕೂಡಲೇ ಮಾಸ್ತರರನ್ನು ಕರೆಯಿರಿ, ಅವನು ಅವತ್ತೇ ದೊಡ್ಡ ಆಸ್ಪತ್ರೆ ಮುಟ್ಟಬೇಕು. ಬಿಪಿಎಲ್ ಕಾರ್ಡಿನ ಮನೆಯವರು ಕಾರ್ಡ್ ಜೊತೆಗೇ ಒಯ್ದು, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ಕೇಳಬೇಕು.

ನನ್ನ ದಿನಚರಿಯ ಬಗ್ಗೆಯೂ ನೀವು ಕೇಳಿದ್ದಿರಿ. ಚಾಕ್‌ಪೀಸ್ ಬಿದ್ದರೆ ನಾನು ಬಗ್ಗುವುದಿಲ್ಲ, ಮೊಣಕಾಲೂರಿ ಕೂತು ಎತ್ತುತ್ತೇನೆ. ಇಲ್ಲವೆ ಮುಂದಿನ ಬೆಂಚಿನವರು ಎತ್ತಿಕೊಡುತ್ತೀರಿ, ಅದಕ್ಕೆ ಉಪಕಾರ. ಎರಡು ದಿಂಬು ಹಾಕಿ ತಲೆ ಎತ್ತರ ಮಾಡಿ ಮಲಗುತ್ತೇನೆ. ಕೆಲವು ದಿನ ಮೊದಲ ಪೀರಿಯಡ್ಡಿನಲ್ಲಿ ಮಾತು ಕಡಿಮೆ, ಬರೆಸುವುದು ಜಾಸ್ತಿ. ಅದು ಸಿಟ್ಟಲ್ಲ, ತಲೆನೋವು. ಕಣ್ಣಿನ ಬಾವು ಹನ್ನೊಂದು ತಿಂಗಳಲ್ಲಿ ಇಳಿಯಿತು. ಎಡಗಣ್ಣಿನ ಮೂಗಿನ ಕಡೆಯ ಅಂಚಿನಲ್ಲಿ ಸ್ವಲ್ಪ ಜಾಗ ಮಾತ್ರ ತಿರುಗಿ ಬರಲಿಲ್ಲ, ಬರುವುದೂ ಇಲ್ಲ ಅಂದಿದ್ದಾರೆ.

"ಪೂರಾ ವಾಸಿ ಆಗ್ತೇತೇನ್ರಿ ಅಕ್ಕೋರ?" ಎಂದು ಕೇಳಿದವರಿಗೆ: ಕೆಲವರಿಗೆ ಆಗುತ್ತದೆ, ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬರುತ್ತದೆ, ತೂಕ ಮತ್ತೆ ಏರಿದರೆ ಬರುವ ಸಂಭವ ಹೆಚ್ಚು. ಅದಕ್ಕೆ ಆರು ತಿಂಗಳಿಗೊಮ್ಮೆ ಆ ಬಟ್ಟಲಿನ ಯಂತ್ರದೊಳಗೆ ಮುಖ ಇಟ್ಟು ಚುಕ್ಕೆ ಎಣಿಸಿ ಬರುತ್ತೇನೆ. ಮುಂದಿನ ಸರದಿ ಬರುವ ತಿಂಗಳ ಎರಡನೇ ಸೋಮವಾರ. ಅಂದು ವಿಜ್ಞಾನದ ಪೀರಿಯಡ್ಡಿಗೆ ಗಣಿತದ ಸರ್ ಬರುತ್ತಾರೆ, ಮನೆಗೆಲಸದ ನೋಟುಬುಕ್ಕು ಅವರ ಕೈಗೆ ಕೊಡಿರಿ.